ಅತಿ ನುಣುಪಾದ ಸ್ಟಿಯರಿಂಗ್ ಗೇರು

ಇದು ನಡೆದದ್ದೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ ಖಚಿತವಿಲ್ಲ. ಗೇರ್ ಆಯಿಲ್‌ನ ಗಂಧಕದ ವಾಸನೆ ಬಡಿದರೆ ಮಾತ್ರ ಮಲೇಶಿಯಾದ ಸುಬಾಂಗ್ ಜಯಾದಲ್ಲಿದ್ದ ನಮ್ಮ ಮನೆಯ ಕಾರ್ ಪೋರ್ಚ್ ಈಗಲೂ ಕಣ್ಣೆದುರು ಬರುತ್ತದೆ.

ಅಪ್ಪ ಓಬೀರಾಯನ ಕಾಲದ ಕಾರೊಂದನ್ನು ಕೊಂಡಿದ್ದರು. ಮರುದಿನ ಹಳೆಯ ಕಾರುಗಳ ಮೆರವಣಿಗೆ. ಸ್ಟಿಯರಿಂಗ್ ಮಾತ್ರ ಬಿಗಿ. ಅವರು ಗೇರಿನ ಹಲ್ಲುಗಳಿಗೆ ಪಾಲಿಶ್ ಹಾಕಿ, ಎಣ್ಣೆ ಬದಲಿಸಿ, ಮತ್ತೆ ಮತ್ತೆ ಜೋಡಿಸುತ್ತಿದ್ದರು. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಸ್ಟಿಯರಿಂಗಿಗೆ ಸಿಕ್ಕಿಸಿ ಎಳೆದು, ಎಷ್ಟು ಬಲ ಬೇಕೆಂದು ಓದುವುದು ನನ್ನ ಕೆಲಸ.

ಮೊದಲ ಪಾಲಿಶ್‌ಗೆ ಅಂಕಿ ಇಳಿಯಿತು. ಹಲ್ಲುಗಳು ಕನ್ನಡಿಯಂತೆ ಹೊಳೆದ ಮೇಲೆ ಏರತೊಡಗಿತು.

"ಅಪ್ಪಾ, ಇಟ್ಸ್ ಗೋಯಿಂಗ್ ಅಪ್ ಲಾ," ಎಂದೆ.

"ನೀನು ಸೊಟ್ಟ ಎಳೀತಿದ್ದಿ. ನೆಟ್ಟಗೆ ಎಳಿ ಮಾರಾಯ."

ನೆಟ್ಟಗೇ ಎಳೆದೆ. ಅಂಕಿ ಇಳಿಯಲಿಲ್ಲ.

ಬಾಗಿಲಲ್ಲಿದ್ದ ಅಮ್ಮ, "ಮಗು ಯಾಕೆ ಸುಳ್ಳು ಹೇಳ್ತಾನೆ? ಸಾಕು, ಹೋಗಿ ಮಾಮಕ್ ಹೋಟೆಲಿಂದ ಊಟ ತಪಾವ್ ಮಾಡಿ, ಕಟ್ಟಿಸ್ಕೊಂಡು ಬನ್ನಿ," ಅಂದಳು.

"ತಕ್ಕಡಿನೇ ಕೆಟ್ಟಿದೆ," ಎಂದು ಅಪ್ಪ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಮತ್ತೆ ಪಾಲಿಶ್ ಬಟ್ಟೆ ಎತ್ತಿಕೊಂಡರು.

ಕಾರು ಮೆರವಣಿಗೆಗೆ ಹೋಗಲಿಲ್ಲ.

ಆ ಅಂಕಿಗಳ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಇಂಜಿನಿಯರಿಂಗ್ ಓದುವಾಗ ಇಷ್ಟನ್ನು ಮಾತ್ರ ಹುಡುಕಿ ಖಚಿತಪಡಿಸಿಕೊಂಡೆ: ತೀರಾ ನುಣುಪಾದ ಲೋಹದ ಮೇಲೆ ಎಣ್ಣೆ ಸರಿಯಾಗಿ ನಿಲ್ಲುವುದಿಲ್ಲ; ಲೋಹಕ್ಕೆ ಲೋಹ ಉಜ್ಜಿ ಮತ್ತೆ ಬಿಗಿಯಾಗುತ್ತದೆ.