ಹೊನ್ನೆ ಮರದ ಕದ

ಕದ ಸಲೀಸಾಗಿ ಮುಚ್ಚಿಕೊಂಡಿತು. ಅಷ್ಟಕ್ಕೇ ದೇವರಾಜನ ಎದೆ ಧಸಕ್ಕೆಂದಿತು.

ಇನ್ನೊಮ್ಮೆ ತೆರೆದ, ಮುಚ್ಚಿದ. ವಾರದಿಂದ ಬಿಡದ ಜಡಿಮಳೆಗೆ ಉಳವಿಯ ಮನೆಮನೆಯ ಬಾಗಿಲುಗಳೂ ಉಬ್ಬಿ, ಒದ್ದರೂ ಜಗ್ಗದೆ ಕೂತಿದ್ದವು. ಇದೊಂದು ಮಾತ್ರ ತನಗೂ ಮಳೆಗೂ ಸಂಬಂಧವೇ ಇಲ್ಲವೆಂಬಂತೆ ಆಡುತ್ತಿತ್ತು. ಜೇಬಿನಿಂದ ಬಸ್ಸಿನ ಟಿಕೆಟ್ ತೆಗೆದು, ಕದಕ್ಕೂ ಚೌಕಟ್ಟಿಗೂ ನಡುವೆ ತೂರಿಸಿ, ಮೇಲಿನಿಂದ ಕೆಳಗಿನವರೆಗೆ ಎಳೆದ. ಎಲ್ಲೂ ತಡೆಯಲಿಲ್ಲ. ಅಂಚಿನ ಹೊಳಪು ಒಂದಿಷ್ಟೂ ಉಜ್ಜಿಹೋಗಿರಲಿಲ್ಲ.

ಹೋಗುವುದಾದರೂ ಹೇಗೆ? ಮಗಳು ನಾಗಶ್ರೀಯನ್ನು ಈ ಮನೆಗೆ ಕೊಟ್ಟಾಗ ಅವನೇ ಮಾಡಿಕೊಟ್ಟ ಕದ ಅದು. ಹೊನ್ನೆ ದಿಮ್ಮಿಯನ್ನು ತನ್ನೂರು ಉಡುತಡಿಯ ಕೆರೆಯಲ್ಲಿ ಮುಳುಗಿಸಿಟ್ಟು ರಸ ಬಿಡಿಸಿದ್ದ. ಹಲಗೆ ಕೊಯ್ಸಿ, ನೆರಳಲ್ಲಿ ವರ್ಷಗಟ್ಟಲೆ ಒಣಗಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸಿದ್ದ. ಆ ಎಣ್ಣೆಗೆ ಅಂಗೈ ಸುಲಿದುಹೋಗಿತ್ತು. ಸುಲಿದರೆ ಸುಲಿಯಲಿ, ಮಗಳ ಮನೆಯ ಬಾಗಿಲಿಗೆ ಗೆದ್ದಲು ಹತ್ತಬಾರದು, ಮಳೆಗೆ ಅದು ಉಬ್ಬಬಾರದು ಎಂಬ ಹಟ ಅವನದು.

ಈಗ ಉಬ್ಬಿಲ್ಲವೆಂಬುದೇ ಕುತ್ತಿಗೆಗೆ ಬಂದಿತ್ತು.

ಮೊನ್ನೆ ಬೆಳಿಗ್ಗೆ ಮಗಳ ಅತ್ತೆ ಹುಲಿಗೆಮ್ಮ ಈ ಕದದ ಹಿಂದಿನ ಕೋಣೆಯೊಳಗೇ ಸತ್ತಿದ್ದಳು. ಎದೆನೋವೆಂದು ಕೂಗಿ ಕದ ಬಡಿದದ್ದು ಅಕ್ಕಪಕ್ಕದವರಿಗೂ ಕೇಳಿಸಿತ್ತು. ಅವರು ಓಡಿ ಬರುವಷ್ಟರಲ್ಲಿ ಜೀವ ಹೋಗಿತ್ತು. ಮಳೆಗೆ ಬಾಗಿಲು ಕಚ್ಚಿಕೊಂಡಿತ್ತು ಎಂದು ಹಿರಿಯ ಮಗ ಉಚ್ಚಂಗಪ್ಪ ಎಲ್ಲರಿಗೂ ಹೇಳಿದ. ಊರವರು ಪೂರ್ತಿ ಒಪ್ಪಲಿಲ್ಲ. ದೇವರಾಜ ಮಾಡಿದ ಬಾಗಿಲು ಕಚ್ಚಿಕೊಳ್ಳುತ್ತದೆಯೇ ಎಂದು ಗುಸುಗುಸು ಶುರುವಾಯಿತು.

ಉಬ್ಬದ ಬಾಗಿಲು ತೆರೆಯಲಿಲ್ಲವೆಂದರೆ ಹೊರಗಿನಿಂದ ಚಿಲಕ ಬಿದ್ದಿತ್ತು, ಇನ್ನೇನು? ಮುದುಕಿಗೆ ಅರಳುಮರಳು. ಕಣ್ಣು ತಪ್ಪಿಸಿ ನಾಲೆಯ ಕಡೆ ಹೊರಟುಬಿಡುತ್ತಿದ್ದಳು. ಅವಳನ್ನು ಕಾಯುವ ಕೆಲಸ ನಾಗಶ್ರೀಯದು. ಅಳಿಯ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅವಳು, ಅತ್ತೆ, ಉಚ್ಚಂಗಪ್ಪ ಅಷ್ಟೇ. ಉಚ್ಚಂಗಪ್ಪ ಆಗ ಕೊಟ್ಟಿಗೆಯಲ್ಲಿದ್ದನಂತೆ. ದಿನಾ ಕಾದು ಕಾದು ಹೈರಾಣಾದ ಹುಡುಗಿ ಒಂದು ಗಳಿಗೆ ಚಿಲಕ ಹಾಕಿದ್ದಾಳೆ. ಅಪ್ಪ ಬಂದು ಬಾಗಿಲು ನೋಡಲಿ ಎಂದು ಹಟ ಹಿಡಿದು ಕರೆಸಿದವಳೂ ಅವಳೇ. ಪಾಪ, ಹೆದರಿದ್ದಾಳೆ, ಕಾಪಾಡಪ್ಪಾ ಎನ್ನುತ್ತಿದ್ದಾಳೆ ಎಂದುಕೊಂಡ ದೇವರಾಜ. ಕಂಬದ ಪಕ್ಕ ನಿಂತ ನಾಗಶ್ರೀ ಅವನ ಮುಖವನ್ನೇ ನೋಡುತ್ತಿದ್ದಳು.

"ಏನ್ ಬೀಗ್ರೇ," ಉಚ್ಚಂಗಪ್ಪ ಕೇಳಿದ. ಜಗಲಿಯಲ್ಲಿ ನೆಂಟರು, ಊರ ಹಿರಿಯರು ಕೂತಿದ್ದರು. "ಬಾಗ್ಲು ಉಬ್ಬಿತ್ತೋ ಇಲ್ವೋ ಹೇಳ್ಬಿಡಿ. ಉಬ್ಬಿಲ್ಲ ಅಂತಾದ್ರೆ ಮನೆಯವ್ರು ಉತ್ತರ ಕೊಡ್ಬೇಕಾಗುತ್ತೆ. ಅಮ್ಮನ್ನ ನೋಡ್ಕೊಳ್ತಿದ್ದೋಳು ನಿಮ್ಮ ಮಗಳು."

ಮಾತು ನಯವಾಗಿಯೇ ಇತ್ತು. ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದ ದೇವರಾಜ. ನಿಜ ಹೇಳಿದರೆ ಮಗಳ ಬಾಳು ಬೀದಿಗೆ ಬೀಳುತ್ತದೆ. ಸುಳ್ಳು ಹೇಳಿದರೆ ಶಿಕಾರಿಪುರದಿಂದ ಸೊರಬದವರೆಗೆ ಯಾರೂ ಅವನ ಕೈಯಲ್ಲಿ ಒಂದು ಹೊಸ್ತಿಲನ್ನೂ ಮಾಡಿಸುವುದಿಲ್ಲ. ಹೆಸರು ಹೋದರೆ ಹೋಗಲಿ, ಹೆತ್ತ ಮಗಳಿಗಿಂತ ಹೆಚ್ಚೇ?

"ಉಬ್ಬಿತ್ತ್ರೀ, ಜಗ್ಗಾಡಿದ ಮ್ಯಾಲೆ ಈಗ ಸಡ್ಲಾಗೇತಿ ಅಷ್ಟ," ಎಂದ. "ಮದುವೆ ಅವಸರದಾಗ ಹಸಿ ಮರ ಹಾಕಿಬಿಟ್ಟೆ. ಎಣ್ಣೆನೂ ಮೇಲ್ಮೇಲೆ ಬಳಿದಿದ್ದೆ. ಆಯಮ್ಮನ ಜೀವ ಹೋಗಿದ್ದು ನನ್ನಿಂದ."

ಯಾರೋ ಅಂಗಳಕ್ಕೆ ಕ್ಯಾಕರಿಸಿ ಉಗಿದರು. ಉಚ್ಚಂಗಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಹೋಗ್ಲಿ ಬಿಡಿ. ಬೀಗ್ರು ಎಲ್ಲರೆದುರು ಒಪ್ಕೊಂಡ್ರಲ್ಲ. ಇನ್ನು ಈ ಮಾತು ಎತ್ತೋದು ಬೇಡ," ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೇವರಾಜ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ. ಹೆಸರು ಹೋದರೂ ಮಗಳು ಉಳಿದಳಲ್ಲ ಎಂಬ ಸಮಾಧಾನ ಅವನಿಗೆ. ನಾಗಶ್ರೀ ಗೇಟಿನವರೆಗೂ ಹಿಂದೆ ಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೆದರಬ್ಯಾಡವ್ವ," ಎಂದು ತಲೆ ಸವರಿದ. "ಇನ್ನ ಯಾರೂ ನಿನ್ನ ಏನೂ ಕೇಳಂಗಿಲ್ಲ."

"ಅವತ್ತು ನಾನು ಡೈರಿಗೆ ಹಾಲು ಹಾಕಿ ಬಂದಾಗ ಹೊರಗಿನ ಚಿಲಕ ತೆಗೀತಿದ್ದಿದ್ದು ಭಾವ, ಅಪ್ಪ," ಎಂದಳು ನಾಗಶ್ರೀ. "ನನ್ನ ಮಾತು ಇಲ್ಲಿ ಯಾರೂ ನಂಬಲ್ಲ, ಬಾಗ್ಲು ಉಬ್ಬಿಲ್ಲ ಅಂತ ನೀನಂದ್ರೆ ನಂಬ್ತಾರೆ ಅಂತ್ಲೇ ಕರೆಸಿದ್ದೆ."