ಅಳ್ಳಿನ ಹೆಣಿಕೆ

ಡಾಂಬರು ಗುಳಿಗೆಯ ವಾಸನೆ ಬಡಿದರೆ ಈಗಲೂ ನನ್ನ ತೋರುಬೆರಳು ಉರಿಯುತ್ತದೆ.

ಅಂದು ಸಂಜೆ ಅಫಜಲಪುರದಿಂದ ಅಕ್ಕನನ್ನು ನೋಡಲು ಗಂಡಿನವರು ಬರುವವರಿದ್ದರು. ಮಧ್ಯಾಹ್ನವೇ ಅವ್ವ ಡಾಂಬರು ಗುಳಿಗೆ ನಾರುವ ಟ್ರಂಕಿನಿಂದ ಬಿಳಿ ದಾರ, ಕ್ರೋಶಾ ಸೂಜಿ ತೆಗೆದು, ಚಹದ ಟ್ರೇಗೆ ಹೊದಿಸುವ ವಸ್ತ್ರದ ಅಂಚಿಗೆ ಅಳ್ಳಿನ ಹೆಣಿಕೆ ಹಾಕಲು ನನ್ನನ್ನು ಕೂಡಿಸಿದಳು. ಒಂದೇ ತೂತಿನಲ್ಲಿ ಐದು ಎಳೆ ಹಾಕಿ ಬಿಗಿದರೆ ಅದು ಹುರಿದಾಗ ಅರಳುವ ಜೋಳದ ಅಳ್ಳಿನಂತೆ ಉಬ್ಬಬೇಕು. ನನ್ನವು ಹಿಂಬದಿಗೇ ಉಬ್ಬುತ್ತಿದ್ದವು.

“ಉಲ್ಟಾ ಆಗ್ಯಾವ, ಬಿಚ್ಚು,” ಎಂದಳು ಅವ್ವ. ನಾಲ್ಕು ಸಲ ಬಿಚ್ಚಿಸಿದಳು.

“ಅಕ್ಕಗ ಹೇಳಬೇ!” ಎಂದು ಸೂಜಿ ಎಸೆದೆ.

“ಆಕಿಗಿ ಒಂದ್ ಎಳಿನೂ ಹಾಕಾಕ ಬರಂಗಿಲ್ಲ. ನೀ ಹಾಕು.”

ಐದನೆಯ ಸಲ ಅಳ್ಳುಗಳು ಸಾಲಾಗಿ ಎದ್ದು ನಿಂತವು.

ಸಂಜೆ ಗಂಡಿನ ತಾಯಿ ಅವುಗಳ ಮೇಲೆ ಹೆಬ್ಬೆರಳಾಡಿಸಿದರು. “ಭಾಳ ಛಲೋ ಅದ. ಯಾರ್ ಹಾಕ್ಯಾರ್ರಿ?”

“ನಮ್ಮ ದೊಡ್ಡಾಕಿ ಹಾಕ್ಯಾಳ್ರಿ.”

“ಸಣ್ಣಾಕಿಗೂ ಬರ್ತದೇನ್ರಿ?”

ಅವ್ವ ನಕ್ಕಳು. “ಆಕಿಗಿ ಒಂದ್ ಎಳಿನೂ ಹಾಕಾಕ ಬರಂಗಿಲ್ರಿ.”

ನಾನು ಬಾಯಿ ತೆರೆದೆ. ಅಕ್ಕ ತಗ್ಗಿಸಿದ್ದ ತಲೆಯನ್ನೆತ್ತಿ ನನ್ನನ್ನು ನೋಡಿದಳು. ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದಳು.

ಬಾಯಿ ಮುಚ್ಚಿ, ದಾರ ಕೊಯ್ದು ಕೆಂಪಾಗಿದ್ದ ಬೆರಳನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟೆ.