ಹೋಗಿ ಬರ್ತೀನಿ

ಮಂಗಳ ಗ್ರಹದ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಲೇ ಇಳಿವಯಸ್ಸಿನಲ್ಲಿ ಹೈಸ್ಕೂಲು ಸೇರಿದ್ದ ಸಾತವ್ವ ಪಾಠ ಕೇಳುತ್ತಿದ್ದಳು. ಭೂಮಿಯಿಂದ ಮಾಸ್ತರರ ಮಾತು ಬಂದು ಮುಟ್ಟುವುದರೊಳಗೆ ಅರ್ಧ ಕಟ್ಟು ಮುಗಿಯುತ್ತಿತ್ತು. ಪಾಠ ಗ್ರೀಕರ ಹಳೆಯ ಮಹಾಕಾವ್ಯದ್ದು. ಯುದ್ಧಕ್ಕೆ ಹೋದ ಗಂಡನಿಗಾಗಿ ಹೆಂಡತಿ ಇಪ್ಪತ್ತು ವರ್ಷ ಕಾಯುತ್ತಾಳೆ.

“ಅಕಿ ಅಷ್ಟು ವರ್ಷ ಯಾಕ ಕಾದ್ಳು?” ಮಾಸ್ತರರು ಕೇಳಿದರು.

“ಗಂಡ ಹೊರಡುವಾಗ ‘ಹೋಗಿ ಬರ್ತೀನಿ’ ಅಂದಿರಬೇಕು,” ಪಕ್ಕದಲ್ಲಿ ಕೂತ ಸಹಪಾಠಿ ಹುಡುಗಿ ನಕ್ಕಳು. “ಹೌದಲ್ರಿ ಆಯಿ?”

ಸಾತವ್ವನ ತಲೆ ತಗ್ಗಿತು. ಇಲ್ಲಿಗೆ ಬಂದವರು ಹಿಂದಿರುಗುವಂತಿಲ್ಲವೆಂದು ತಿಳಿದೂ ಅವಳು ಅಕ್ಕನಿಗೆ ‘ಹೋಗಿ ಬರ್ತೀನಿ’ ಎಂದೇ ಹೇಳಿ ಬಂದಿದ್ದಳು. ಬರೀ ರೂಢಿಯ ಮಾತೆಂದು ಸಮಾಧಾನ ಮಾಡಿಕೊಂಡಿದ್ದಳು. ಅಕ್ಕ ಈಗಲೂ ಹಬ್ಬಕ್ಕೊಮ್ಮೆ ಅವಳ ಪಾಲಿನ ಹೋಳಿಗೆ ಎತ್ತಿಡುತ್ತಾಳಂತೆ.

ಕೈ ಒರೆಸಿಕೊಂಡು, ವರ್ಷಗಳಿಂದ ಮುಂದೂಡುತ್ತ ಬಂದ ಪತ್ರವನ್ನು ಬರೆದು ಕಳಿಸಿದಳು: “ಅಕ್ಕಾ, ನಾ ಬರೂದಿಲ್ಲ. ಕಾಯಬ್ಯಾಡ.”